ಪೂಜೆಗೆಂದು ನಿಲ್ಲಿಸಿದ ಯಂತ್ರ

ನಾಳೆ ನಮ್ಮ ಸ್ಥಾವರ ಎಷ್ಟು ವಿದ್ಯುತ್ ಕೊಡಬಲ್ಲದು ಎಂದು ಇವತ್ತೇ ಲೆಕ್ಕ ಹಾಕಿ ಬರೆದು ಕಳುಹಿಸುವುದು ನನ್ನ ಕೆಲಸವಾಗಿತ್ತು. ಅದೊಂದು ಕೆಲಸ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಪುತ್ತೂರಿನ ನಮ್ಮ ಮನೆಗೆ ನೆಂಟರು ಬಂದರೆ ಅಮ್ಮ, "ಅವಳಿಗೆ ಕಡಬದ ಹತ್ರ ಕರೆಂಟಿನ ಕಂಪೆನಿಯಲ್ಲಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನೆಂಟರು ಕೂಡಲೇ ತಮ್ಮ ಕಡೆಯ ಲೋ ವೋಲ್ಟೇಜಿನ ಕಥೆ ತೆಗೆಯುತ್ತಿದ್ದರು. ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಲು ಹೋಗುತ್ತಿರಲಿಲ್ಲ.

ಕಾಣಿಯೂರು ದಾರಿಯ ಬಸ್ಸಿನಲ್ಲಿ ಕಡಬಕ್ಕೆ ಹೋಗಿ, ಅಲ್ಲಿಂದ ಕಂಪೆನಿಯ ಜೀಪಿನಲ್ಲಿ ಮುಂದೆ ಹೋದರೆ ನದಿ. ನದಿಗೆ ಅಡ್ಡವಾಗಿ ಒಂದು ತಗ್ಗಾದ ಕಟ್ಟೆ. ಕಟ್ಟೆಯ ಪಕ್ಕದಿಂದ ಹೊರಟ ಕಾಲುವೆಯ ಕೊನೆಯಲ್ಲಿ ಎರಡು ಟರ್ಬೈನುಗಳ ಯಂತ್ರಶಾಲೆ. ಆ ಕಟ್ಟೆ ನೀರನ್ನು ಕೂಡಿಡುವ ಅಣೆಕಟ್ಟಲ್ಲ. ಬಂದ ನೀರು ಟರ್ಬೈನನ್ನು ತಿರುಗಿಸಿ ಮತ್ತೆ ನದಿಗೇ ಸೇರುತ್ತಿತ್ತು. ಹೆಚ್ಚಾದ ನೀರು ಕಟ್ಟೆಯ ಮೇಲಿಂದ ಹಾರಿ ಹೋಗುತ್ತಿತ್ತು. ಮಳೆ ಹಿಡಿದರೆ ಯಂತ್ರಗಳು ಶುರು, ಬೇಸಗೆಗೆ ನೀರು ಇಳಿದರೆ ಬಂದ್.

ನಾನು ಸೇರಿದ ಹೊಸತರಲ್ಲಿ, ಕಂಪ್ಯೂಟರಿನ ಮುಂದೆ ಕೂತು ಮಳೆಯ ಮುನ್ಸೂಚನೆ ನೋಡುತ್ತಿದ್ದ ನನ್ನ ಹಿಂದೆ ಬಂದು ನಿಂತವರು ಕಾಕ. ಅವರು ಈಶ್ವರಮಂಗಲ ಕಡೆಯ ಬ್ಯಾರಿ ಮುಸ್ಲಿಮರು, ನಮ್ಮ ಹಿರಿಯ ಆಪರೇಟರ್. ಜಾತಿಭೇದವಿಲ್ಲದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ.

"ನಾಳೆಯದ್ದು ನಿಮಗೆ ಇವತ್ತು ಹೇಗೆ ಗೊತ್ತಾಗುದು ಮೇಡಂ? ನಾಳೆ ಎಂತ ಸಾರು ಅಂತ ಕೇಳಿದ್ರೆ ನನ್ನ ಹೆಂಡತಿ ಬೈತಾಳೆ."

"ಮೇಡಂ ಓದಿದ್ದೇ ಅದನ್ನು ಕಾಕ. ಜ್ಯೋತಿಷ್ಯ," ಎಂದರು ಆಚೆ ಮೂಲೆಯಿಂದ ಫಿಟ್ಟರಣ್ಣ. ಅವರು ಮರ್ಕಂಜದವರು. ಬೈಕಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಸದಾ ಒಂದು ಎಣ್ಣೆಬಟ್ಟೆ ಇರುತ್ತಿತ್ತು. ಮಾತಿಗೊಂದು ಕೊಂಕು ಅವರ ಸ್ವಭಾವ.

ಕಾಕ ಬಹಳ ವರ್ಷ ಗಲ್ಫಿನ ಒಂದು ದೊಡ್ಡ ವಿದ್ಯುತ್ ಸ್ಥಾವರದಲ್ಲಿ ಇದ್ದವರು. ಮದುವೆಯಾದ ಮೇಲೆ ಊರಿನಲ್ಲಿದ್ದದ್ದು ರಜೆಯಲ್ಲಿ ಬಂದಾಗ ಮಾತ್ರ. ಅವರು ಅಲ್ಲಿದ್ದಾಗ ಊರಿನಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಮೀನು ಹುರಿಯುವಾಗ ಫೋನನ್ನು ಕಾವಲಿಯ ಹತ್ತಿರ ಹಿಡಿಯುತ್ತಿದ್ದರಂತೆ. "ವಾಸನೆ ಬರುದಿಲ್ಲ ಮೇಡಂ, ಸದ್ದು ಬರ್ತದೆ. ಸದ್ದಿನಲ್ಲಿ ಬಂಗುಡೆಯಾ ಬೂತಾಯಿಯಾ ಅಂತ ನಾನು ಹೇಳ್ತಿದ್ದೆ," ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದರು. "ಸರಿ ಹೇಳ್ತಿದ್ರಾ?" ಎಂದು ಫಿಟ್ಟರಣ್ಣ ಕೇಳಿದ್ದಕ್ಕೆ, "ಅವಳು ಹೌದು ಅಂತಿದ್ಳು. ಯಾರಿಗೆ ಗೊತ್ತುಂಟು ಮಾರಾಯ," ಎಂದು ನಕ್ಕರು. ನಮ್ಮ ಸ್ಥಾವರದಲ್ಲಿ ಕೆಲಸ ಸಿಕ್ಕಿದಾಗ ಅವರು ಅಲ್ಲಿಯದನ್ನು ಬಿಟ್ಟು ಬಂದಿದ್ದರು. ಸಂಬಳ ಬಹಳ ಕಡಿಮೆ. ಆದರೆ ಬೆಳಿಗ್ಗೆ ಹೆಂಡತಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಮಧ್ಯಾಹ್ನಕ್ಕೂ ಮೆತ್ತಗೇ ಇರುತ್ತಿತ್ತು. ಡಬ್ಬಿ ತೆರೆದಾಗ ಅವರು ಮೊದಲು ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಈ ಸ್ಥಾವರ ನಿಂತರೆ ತಾವು ಮತ್ತೆ ವಿಮಾನ ಹತ್ತಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಊರಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಅದನ್ನು ಅವರು ತಮಾಷೆಯ ಹಾಗೆ ಹೇಳುತ್ತಿದ್ದರು. ಹೇಳುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಸ್ಥಾವರ ನಿಲ್ಲುವ ಮಾತು ಬರಲು ಕಾರಣವಿತ್ತು. ಹಳೆಯ ಒಪ್ಪಂದದ ಅವಧಿ ಮುಗಿದು, ಯಂತ್ರಗಳು ಕೆಲವು ಕಾಲ ಸುಮ್ಮನೆ ನಿಂತು, ಆಮೇಲೆ ಕಷ್ಟದಿಂದ ಒಬ್ಬ ಖಾಸಗಿ ಖರೀದಿದಾರ ಸಿಕ್ಕಿದ್ದ. ದೂರದ ಊರಿನ ಒಂದು ಕಾರ್ಖಾನೆ. ನಮ್ಮ ವಿದ್ಯುತ್ ಗ್ರಿಡ್ಡಿಗೆ ಹೋಗುತ್ತಿತ್ತು. ಲೆಕ್ಕ ಮಾತ್ರ ಆ ಕಾರ್ಖಾನೆಯ ಹೆಸರಿಗೆ. ಒಪ್ಪಂದವನ್ನು ಅವರ ವಕೀಲರು ಬರೆದಿದ್ದರು. ನಾನು ಅದನ್ನು ಎರಡು ಸಲ ಪೂರ್ತಿ ಓದಿದ್ದೇನೆ. ಕಲ್ಲಿದ್ದಲಿನ ದೊಡ್ಡ ಸ್ಥಾವರಕ್ಕೆಂದು ಎಂದೋ ಬರೆದದ್ದನ್ನು ನಮಗೆ ತಿದ್ದಿ ಕೊಟ್ಟ ಹಾಗಿತ್ತು. ನದಿ ಎಂಬ ಮಾತು ಅದರಲ್ಲಿ ಅಪರೂಪಕ್ಕೊಮ್ಮೆ ಬರುತ್ತಿತ್ತು.

ಅದರಲ್ಲಿ ಯೋಜಿತವಲ್ಲದ ಸಾಮರ್ಥ್ಯ ಕಡಿತ ಎಂದು ಒಂದು ಅಧ್ಯಾಯವಿತ್ತು. ನಾಳೆ ಇಷ್ಟು ಕೊಡುತ್ತೇವೆ ಎಂದು ನಾನು ಕಳುಹಿಸುತ್ತೇನಲ್ಲ, ಅದಕ್ಕಿಂತ ಕಡಿಮೆ ಕೊಟ್ಟರೆ ಅದು ಕಡಿತ. ಯಂತ್ರ ನಿಲ್ಲಿಸಲು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದರೆ ಅದು ಯೋಜಿತ, ಅದಕ್ಕೆ ದೋಷವಿಲ್ಲ. ಪಡೆಯದಿದ್ದರೆ ಯೋಜಿತವಲ್ಲದ್ದು. ಅಂಥವು ಒಂದು ಮಳೆಗಾಲದಲ್ಲಿ ಇಂತಿಷ್ಟೇ ಸಲ ಆಗಬಹುದು. ಮೀರಿದರೆ ಖರೀದಿದಾರರು ಒಪ್ಪಂದ ಮುರಿಯಬಹುದು. ಸಿಡಿಲಿಗೆ ಗ್ರಿಡ್ಡಿನ ಲೈನು ಹೋದರೆ ಅದು ನಮ್ಮ ಲೆಕ್ಕಕ್ಕಿಲ್ಲ. ಆದರೆ ನೆರೆಯಲ್ಲಿ ಬಂದ ತೆಂಗಿನ ಮಡಲು, ಅಡಿಕೆ ಸೋಗೆ, ಬಿದಿರು, ಪ್ಲಾಸ್ಟಿಕ್ಕು ಎಲ್ಲ ಸೇರಿ ಕಾಲುವೆಯ ಬಾಯಿಯ ಕಬ್ಬಿಣದ ಜಾಲರಿ ಕಟ್ಟಿಕೊಂಡು ನೀರು ಕಡಿಮೆಯಾದರೆ ಅದು ನಮ್ಮದೇ. ಪ್ರತಿ ಸಲವೂ ಕಾರಣವನ್ನು ಅದೇ ದಿನ ಬರೆದು ಕಳುಹಿಸಬೇಕು. "ನೆರೆನೀರಿನೊಂದಿಗೆ ಬಂದ ಸಸ್ಯಾವಶೇಷ" ಎಂದು ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅತ್ತ ಕೊಕ್ಕೆ ಹಿಡಿದು ಸೊಂಟದ ತನಕ ನೀರಿನಲ್ಲಿ ನಿಂತ ಫಿಟ್ಟರಣ್ಣ ಯಾರದೋ ತೋಟದ ಸೋಗೆಗೆ ತುಳುವಿನಲ್ಲಿ ಬೈಯುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತೊಂದರೆಯಾಯಿತು. ಜಾಲರಿ ಮತ್ತೆ ಮತ್ತೆ ಕಟ್ಟಿಕೊಂಡಿತು. ಅದರ ಮೇಲೆ ಎರಡನೇ ಯಂತ್ರದ ಬೇರಿಂಗ್ ಬಿಸಿಯಾಗತೊಡಗಿತು. ಬಿಸಿಯಾದಾಗ ಲೋಡ್ ಇಳಿಸಬೇಕು. ಇಳಿಸಿದರೆ ಅದೂ ಒಂದು ಕಡಿತ.

"ಇವತ್ತು ಇದಕ್ಕೆ ಮಂಡೆಬಿಸಿ," ಎನ್ನುತ್ತಿದ್ದರು ಫಿಟ್ಟರಣ್ಣ, ಬೇರಿಂಗಿನ ಮೇಲೆ ಕೈಯಿಟ್ಟು. "ಮೇಡಂ, ನಮ್ಮ ಪಾಪದ ಕೊಡ ಎಲ್ಲಿಗೆ ಬಂತು?"

"ಕಂಠದವರೆಗೆ."

"ಇನ್ನೊಂದು ಸೌಟು ಹಿಡಿಸ್ತದಾ?"

"ಇಲ್ಲ."

ಸೆಪ್ಟೆಂಬರಿನಲ್ಲಿ ಹೀಗೆ ಹೇಳಬೇಕಾಗಿ ಬಂತು. ಇನ್ನೊಂದು ಕಡಿತವಾದರೆ ಮಿತಿ ಮೀರುತ್ತಿತ್ತು. ಖರೀದಿದಾರರಿಗೆ ಬೇರೆ ಕಡೆ ಅಗ್ಗದ ಸೌರವಿದ್ಯುತ್ ಸಿಗುವ ಹಾಗಿದೆ, ಅವರು ಬಿಟ್ಟುಹೋಗಲು ನೆಪ ಹುಡುಕುತ್ತಿದ್ದಾರೆ ಎಂದು ನಮ್ಮ ಮ್ಯಾನೇಜರ್ ಮಂಗಳೂರಿನಿಂದ ಫೋನು ಮಾಡಿ ಎಚ್ಚರಿಸಿದರು. ಆಮೇಲಿನ ವಾರಗಳಲ್ಲಿ ಕಾಕ ಮತ್ತು ಫಿಟ್ಟರಣ್ಣ ಯಂತ್ರವನ್ನು ಬಾಣಂತಿಯ ಹಾಗೆ ನೋಡಿಕೊಂಡರು. ಬೇರಿಂಗಿನ ಎಣ್ಣೆ ಬದಲಾಯಿಸಿದರು, ತಂಪಿನ ನೀರಿನ ಕೊಳವೆ ಬಿಚ್ಚಿ ತೊಳೆದರು. ಅದಕ್ಕೆ ಬೇಕಾದ ನಿಲುಗಡೆಗೆ ನಾನು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದೆ. ಕಾಲುವೆಯ ಬಾಯಿಗೆ ಇಬ್ಬರು ಆಳುಗಳನ್ನು ಹಾಕಿ, ಸೋಗೆ ಬಂದ ಹಾಗೇ ಎಳೆಸಿದೆವು. ಕಾಕ ರಜೆಯ ದಿನವೂ ಬಂದು ಕಟ್ಟೆಯ ಮೇಲೆ ನಿಂತು ಹೋಗುತ್ತಿದ್ದರು. ಮುಂದೆ ಏನೂ ಆಗಲಿಲ್ಲ. ಯಂತ್ರಗಳು ಒಂದೇ ಶ್ರುತಿಯಲ್ಲಿ ತಿರುಗಿದವು. ಅಕ್ಟೋಬರ್ ಬಂತು. ಇನ್ನು ಮಳೆ ಹಿಂದೆಗೆಯುತ್ತದೆ, ಈ ವರ್ಷ ದಾಟಿದ ಹಾಗೆ ಎಂದು ಎಲ್ಲರೂ ಅಂದುಕೊಂಡೆವು.

ಆಯುಧಪೂಜೆಯ ದಿನ ಪೂಜೆಗೆ ಮುಂಚೆ ಯಂತ್ರ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಸ್ಥಾವರ ಶುರುವಾದ ಕಾಲದಿಂದಲೂ ಹಾಗೆ. ತಿರುಗುವ ಯಂತ್ರಕ್ಕೆ ಕುಂಕುಮ ಹಚ್ಚುವುದು ಹೇಗೆ? ಅಲ್ಲದೆ, ವರ್ಷಕ್ಕೊಮ್ಮೆಯಾದರೂ ಅದಕ್ಕೆ ವಿಶ್ರಾಂತಿ ಬೇಡವೇ ಎಂಬುದು ಎಲ್ಲರ ಮಾತು. ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು ಕಾಕ. "ಗಲ್ಫಿನಲ್ಲಿ ಮಿಷನಿಗೆ ರಜೆ ಇಲ್ಲ, ಮನುಷ್ಯನಿಗೂ ಇಲ್ಲ. ಇಲ್ಲಿ ಒಂದು ದಿನ ಸ್ನಾನ ಮಾಡಿಸಿ, ಹೂ ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ಬಿಡ್ತಾರಲ್ಲ, ಅದು ನನಗೆ ಇಷ್ಟ." ಹಿಂದಿನ ದಿನ ಯಂತ್ರದ ಮೈಯೆಲ್ಲ ಒರೆಸಿ ಹೊಳೆಯಿಸುವವರು ಅವರು, ಪೂಜೆ ಮಾಡುವವರು ಫಿಟ್ಟರಣ್ಣ. ಯಂತ್ರ ನಿಲ್ಲಿಸುವ ಗೌರವ ಯಾವಾಗಲೂ ಬಂದವರಲ್ಲಿ ಹಿರಿಯರಿಗೆ.

ಆ ವರ್ಷ ಮ್ಯಾನೇಜರ್ ಮಂಗಳೂರಿನಿಂದ ಲಾಡಿನ ಪೊಟ್ಟಣ ಹಿಡಿದು ಬಂದರು. ಬಿಳಿ ಪಂಚೆ ಉಟ್ಟಿದ್ದರು. ಎರಡೂ ಯಂತ್ರಗಳು ಪೂರ್ತಿ ಲೋಡಿನಲ್ಲಿದ್ದವು. ಫಿಟ್ಟರಣ್ಣ ಗೊಂಡೆಹೂವಿನ ಮಾಲೆ ಹಿಡಿದುಕೊಂಡು, "ಸರ್, ನಿಲ್ಲಿಸಿ," ಎಂದರು. ಮ್ಯಾನೇಜರ್ ಚಪ್ಪಲಿ ಕಳಚಿಟ್ಟು, ಗುಂಡಿಗೆ ಕೈ ಮುಗಿದು, ಒತ್ತಿದರು. ಮೊದಲು ಒಂದು, ಆಮೇಲೆ ಇನ್ನೊಂದು. ಸದ್ದು ಇಳಿಯುತ್ತ ಇಳಿಯುತ್ತ ಹೋಗಿ, ಹೊರಗೆ ಕಟ್ಟೆಯಿಂದ ನೀರು ಬೀಳುವ ಸದ್ದು ಒಳಗೆ ಬಂತು. ಯಂತ್ರಗಳು ತಿರುಗುತ್ತಿರುವಾಗ ಅದು ಒಳಗೆ ಕೇಳಿಸುವುದೇ ಇಲ್ಲ. ಆರತಿಯಾಯಿತು, ಬೂದುಕುಂಬಳಕಾಯಿ ಒಡೆದಾಯಿತು, ಅವಲಕ್ಕಿ, ಬಾಳೆಹಣ್ಣು, ಲಾಡು ಹಂಚಿದ್ದಾಯಿತು. ಕಾಕ ತಮ್ಮ ಪಾಲಿನ ಅವಲಕ್ಕಿಯನ್ನು ಹೆಂಡತಿಗೆಂದು ಕಾಗದದಲ್ಲಿ ಕಟ್ಟಿಕೊಂಡರು. ಮತ್ತೆ ಯಂತ್ರ ಶುರುವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಯಂತ್ರ ನಿಂತಿತ್ತು ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಪಾಲಿಗೆ ನಿಲ್ಲುವುದು ಎಂದರೆ ಕೆಡುವುದು. ಪೂಜೆ ಕೆಟ್ಟದ್ದಲ್ಲವಲ್ಲ.

ಹಬ್ಬ ಮುಗಿದು ಕಚೇರಿ ತೆರೆದಾಗ ಖರೀದಿದಾರರ ಇಮೇಲ್ ಬಂದಿತ್ತು. ಮೀಟರಿನ ರೇಖಾಚಿತ್ರವನ್ನು ಲಗತ್ತಿಸಿದ್ದರು. ಮೇಲೆ ನೇರವಾಗಿ ಹೋಗುತ್ತಿದ್ದ ಗೆರೆ ಒಮ್ಮೆಲೇ ನೆಲಕ್ಕೆ ಬಿದ್ದು, ಅಲ್ಲಿಯೇ ಸ್ವಲ್ಪ ದೂರ ನಡೆದು, ಮತ್ತೆ ಎದ್ದಿತ್ತು. ಇಡೀ ಮಳೆಗಾಲದಲ್ಲಿ ಎರಡೂ ಯಂತ್ರಗಳು ಒಟ್ಟಿಗೆ ಸೊನ್ನೆಗೆ ಇಳಿದದ್ದು ಅದೊಂದೇ ಸಲ. ಯೋಜಿತವಲ್ಲದ ಸಾಮರ್ಥ್ಯ ಕಡಿತ, ಕಾರಣ ತಿಳಿಸಿ ಎಂದಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಕೆಂಪು ಅಕ್ಷರದಲ್ಲಿ ವರ್ಷ ಶುರುವಾಗುವ ಮೊದಲೇ ಅಚ್ಚಾಗಿತ್ತು. ನಮ್ಮಲ್ಲಿ ಅಷ್ಟು ಮೊದಲೇ ಗೊತ್ತಿರುವ ನಿಲುಗಡೆ ಬೇರೊಂದಿಲ್ಲ. ಒಂದು ಸಾಲಿನ ಪತ್ರ ಬರೆದಿದ್ದರೆ ಅವರು ಒಪ್ಪುತ್ತಿದ್ದರು.

ಕಾರಣದ ಜಾಗದಲ್ಲಿ ನಾನು ನಡೆದದ್ದನ್ನೇ ಬರೆದು ಮ್ಯಾನೇಜರಿಗೆ ಕಳುಹಿಸಿದೆ. ಅವರು ಅದನ್ನು ಮುಂದೆ ಕಳುಹಿಸಲಿಲ್ಲ. ಮರುದಿನ ತಾವೇ ಬಂದರು. ಈ ಸಲ ಪ್ಯಾಂಟು ಹಾಕಿದ್ದರು. ಕಂಟ್ರೋಲ್ ರೂಮಿನಲ್ಲಿ ನಾವು ನಾಲ್ವರೇ. ಯಂತ್ರದ ಮೇಲೆ ಗೊಂಡೆಹೂವಿನ ಮಾಲೆ ಬಾಡಿ ಇನ್ನೂ ತೂಗುತ್ತಿತ್ತು.

"ಒಂದು ದಾರಿ ಉಂಟು," ಎಂದರು ಅವರು. ಒಪ್ಪಂದದಲ್ಲಿ ಅದು ಇದ್ದದ್ದು ನನಗೂ ಗೊತ್ತಿತ್ತು. ಕಡಿತಕ್ಕೆ ಒಬ್ಬ ನೌಕರನ ತಪ್ಪೇ ಕಾರಣವಾಗಿದ್ದು, ಅವನನ್ನು ಕೆಲಸದಿಂದ ತೆಗೆದರೆ, ದೋಷ ಸರಿಪಡಿಸಿದೆ ಎಂದು ಹೇಳಿ ಆ ಒಂದನ್ನು ಲೆಕ್ಕದಿಂದ ಬಿಡಿ ಎಂದು ಕೇಳಿಕೊಳ್ಳಲು ಅವಕಾಶವಿತ್ತು. ಬಿಡುವುದು ಬಿಡದಿರುವುದು ಖರೀದಿದಾರರ ಇಷ್ಟ.

"ಗುಂಡಿ ಒತ್ತಿದ್ದು ನಾನೇ," ಎಂದರು ಮ್ಯಾನೇಜರ್. "ನನ್ನ ಹೆಸರು ಹಾಕಬಹುದಿತ್ತು. ಆದರೆ ಒಪ್ಪಂದಕ್ಕೆ ಸಹಿ ಹಾಕಿದ್ದೂ ನಾನು. ಸಹಿ ಹಾಕಿದವನೇ ನಿಲ್ಲಿಸಿದ ಅಂದ್ರೆ ಅದು ನೌಕರನ ತಪ್ಪಾಗುದಿಲ್ಲ, ಕಂಪೆನಿಯ ತಪ್ಪಾಗ್ತದೆ. ಡ್ಯೂಟಿಯಲ್ಲಿದ್ದ ಆಪರೇಟರ್..." ಎಂದು ನಿಲ್ಲಿಸಿದರು.

ಡ್ಯೂಟಿಯಲ್ಲಿದ್ದದ್ದು ಕಾಕ.

ಫಿಟ್ಟರಣ್ಣ ಕೈಯ ಎಣ್ಣೆಬಟ್ಟೆಯನ್ನು ಮೇಜಿನ ಮೇಲಿಟ್ಟು, "ಎಂತ ಸರ್, ಆಯುಧಪೂಜೆಗೆ ಬ್ಯಾರಿ ಯಾರನ್ನೂ ಕೇಳದೆ ಮಿಷನ್ ನಿಲ್ಲಿಸಿದ ಅಂತ ಬರಿಯುದಾ? ಯಾರಾದ್ರೂ ನಂಬುದುಂಟಾ ಇದನ್ನು?" ಎಂದರು. ಅವರು ನಗಿಸಲು ಹೇಳಿದ್ದಲ್ಲ. ಆದರೂ ಕಾಕ ನಕ್ಕರು.

"ಪೂಜೆ ಅಂತ ಯಾಕೆ ಬರಿಯುದು ಮಾರಾಯ? ಸುಮ್ಮನೆ ನಿಲ್ಲಿಸಿದ ಅಂತ ಬರೆದ್ರೆ ಆಯ್ತು. ಅವರಿಗೆ ಹೆಸರು ಬೇಕಾದ್ದಲ್ವಾ."

"ನೀವು ಸುಮ್ಮನಿರಿ ಕಾಕ. ನನ್ನ ಹೆಸರು ಬರಿಯಿರಿ ಸರ್. ಪೂಜೆ ಮಾಡಿದ್ದು ನಾನು. ನಿಲ್ಲಿಸಿ ಅಂತ ಹೇಳಿದ್ದೂ ನಾನು."

"ನಿನಗೆ ಮತ್ತೆಲ್ಲಿ ಕೆಲಸ ಉಂಟು?" ಎಂದರು ಕಾಕ. "ಸುಳ್ಯದಲ್ಲಿ ಪಂಪ್ ರಿಪೇರಿ ಮಾಡ್ತೀಯಾ? ನನಗಾದ್ರೆ ವೀಸಾ ಸಿಗ್ತದೆ. ಹಳೆ ಜಾಗದಲ್ಲಿ ಗುರ್ತದವರು ಇದ್ದಾರೆ."

"ಕಾಕ, ಅವರು ಒಪ್ಪಲೇಬೇಕು ಅಂತ ಇಲ್ಲ," ಎಂದೆ ನಾನು. "ನಿಮ್ಮ ಹೆಸರು ಕೊಟ್ಟ ಮೇಲೂ ಒಪ್ಪಂದ ಮುರಿಯಬಹುದು."

"ಕೊಡದಿದ್ರೆ ಮುರಿಯುದು ಗ್ಯಾರಂಟಿ ಅಲ್ವಾ ಮೇಡಂ?"

ಹೌದು ಎನ್ನಬೇಕಾಯಿತು.

"ಸ್ಥಾವರ ನಿಂತ್ರೆ ಹೇಗೂ ನಾನು ಹೋಗುದೇ. ನಿಲ್ಲದೆ ಹೋದ್ರೆ ನೀವಾದ್ರೂ ಉಳೀತೀರಿ," ಎಂದು ಅವರು ಎದ್ದು, ಗಾಜಿನಾಚೆ ಇದ್ದ ಎರಡನೇ ಯಂತ್ರದ ಕಡೆ ನೋಡಿದರು. "ಇದೂ ತಿರುಗ್ತದೆ."

ಮ್ಯಾನೇಜರ್ ಅಲ್ಲೇ ಕೂತು ತಮ್ಮ ಫೋನಿನಲ್ಲಿ ಪತ್ರ ಬರೆದು, ತಮ್ಮ ಹೆಸರಿನಿಂದಲೇ ಕಳುಹಿಸಿದರು. ಬರೆಯುವಾಗ ಒಂದು ಶಬ್ದದ ಸ್ಪೆಲ್ಲಿಂಗ್ ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು, ಮತ್ತೆ ಕೇಳಲಿಲ್ಲ.

ಕಾಕ ಕೆಲಸ ಬಿಡುವ ದಿನ ಡಬ್ಬಿಯ ತುಂಬ ರೊಟ್ಟಿ, ಕೋಳಿ ಗಸಿ ತಂದಿದ್ದರು. ಅವರ ಹೆಂಡತಿ ಎಲ್ಲರಿಗೂ ಎಂದು ಕಟ್ಟಿಕೊಟ್ಟದ್ದು. ಅವರಿಗೆ ಏನು ಹೇಳಿದ್ದೀರಿ ಎಂದು ನಾನು ಕೇಳಲಿಲ್ಲ. ಕಾಕನೇ ಹೇಳಿದರು. "ಕಂಪೆನಿ ಬಂದ್ ಆಗ್ತದೆ ಅಂತ ಹೇಳಿದ್ದೇನೆ. ನನ್ನನ್ನು ತೆಗೆದ್ರು ಅಂದ್ರೆ ಅವಳು ನಿಮಗೆಲ್ಲ ಶಾಪ ಹಾಕ್ತಾಳೆ. ಅವಳ ಬಾಯಿ ನಿಮಗೆ ಗೊತ್ತಿಲ್ಲ." ಫಿಟ್ಟರಣ್ಣ ರೊಟ್ಟಿಯನ್ನು ಮುರಿದು ಹಿಡಿದುಕೊಂಡಿದ್ದರು, ತಿನ್ನಲಿಲ್ಲ. "ತಿನ್ನು ಮಾರಾಯ, ಮೆತ್ತಗೆ ಇರುವಾಗ ತಿನ್ನಬೇಕು," ಎಂದು ಕಾಕ ಗದರಿದರು. ಸಂಜೆ ಹೋಗುವ ಮೊದಲು ಬೇರಿಂಗಿನ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು.

ವೀಸಾ ನಾವು ಎಣಿಸಿದ್ದಕ್ಕಿಂತ ಬೇಗ ಬಂತು. ಅವರು ಮಂಗಳೂರಿನಿಂದ ವಿಮಾನ ಹತ್ತಿ ಹೋದ ಮೇಲೆ ಖರೀದಿದಾರರ ಉತ್ತರ ಬಂತು. ನಮ್ಮ ಕ್ರಮವನ್ನು ಗಮನಿಸಿದ್ದೇವೆ, ಧನ್ಯವಾದ ಎಂದಿದ್ದರು. ಮುಂದಿನ ಸಾಲಿನಲ್ಲಿ, ಮಿತಿ ಮೀರಿದ ಕಾರಣ ಒಪ್ಪಂದವನ್ನು ಕೊನೆಗೊಳಿಸುತ್ತಿದ್ದೇವೆ ಎಂದಿದ್ದರು. ಸಭ್ಯವಾದ ಪತ್ರ. ಒಂದೂ ತಪ್ಪಿಲ್ಲ. ಮ್ಯಾನೇಜರ್ ಅದನ್ನು ನನಗೆ ಕಳುಹಿಸಿ, ಕೆಳಗೆ ಏನನ್ನೂ ಬರೆದಿರಲಿಲ್ಲ. ಫಿಟ್ಟರಣ್ಣನಿಗೆ ನಾನೇ ಓದಿ ಹೇಳಿದೆ. "ಕಾಕನಿಗೆ ಹೇಳುದು ಬೇಡ," ಎಂದರು. ಕೊಂಕು ಮಾತು ಅವರ ಬಾಯಿಂದ ನಾನು ಕೇಳಿದ್ದು ಆಮೇಲೆ ಕಡಿಮೆ.

ಕೊಳ್ಳುವವರಿಲ್ಲದೆ ಗ್ರಿಡ್ಡಿಗೆ ವಿದ್ಯುತ್ ಬಿಡುವಂತಿಲ್ಲ. ಬೇಸಗೆಗೆ ನಿಲ್ಲಬೇಕಾದ ಯಂತ್ರಗಳು ಚಳಿಗಾಲಕ್ಕೇ ನಿಂತವು. ಈ ವರ್ಷ ಮಳೆ ಹಿಡಿದ ಮೇಲೂ ಶುರುವಾಗಲಿಲ್ಲ. ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಲು ಫಿಟ್ಟರಣ್ಣನನ್ನೂ, ಹೊಸ ಖರೀದಿದಾರರಿಗೆ ಪತ್ರ ಬರೆಯಲು ನನ್ನನ್ನೂ ಅರ್ಧ ಸಂಬಳಕ್ಕೆ ಉಳಿಸಿಕೊಂಡಿದ್ದಾರೆ. ನಾನು ಪತ್ರ ಬರೆಯುತ್ತೇನೆ. ಉತ್ತರ ಬಂದದ್ದಿಲ್ಲ. ಹಿಂದಿನ ಮಳೆಗಾಲದ ಕಡಿತಗಳ ವಿವರ ಕೊಡಿ ಎಂದು ಒಬ್ಬರು ಕೇಳಿದ್ದರು. ಕೊಟ್ಟ ಮೇಲೆ ಅವರೂ ಸುಮ್ಮನಾದರು. ನಾಳೆ ಎಷ್ಟು ಎಂದು ಈಗ ಯಾರೂ ಕೇಳುವುದಿಲ್ಲ. ಆದರೂ ಬೆಳಿಗ್ಗೆ ಬಂದ ಕೂಡಲೇ ಮಳೆಯ ಮುನ್ಸೂಚನೆ ತೆರೆಯುತ್ತೇನೆ. ಬಿಡಬೇಕೆಂದರೂ ಕೈ ಕೇಳುವುದಿಲ್ಲ.

ಜುಲೈಯಲ್ಲಿ ಒಂದು ದಿನ ಕಾಕನ ಫೋನು ಬಂತು. ಮನೆಯವರ ವಿಚಾರ, ಬಸ್ಸಿನ ವಿಚಾರ, ಅಮ್ಮನ ಮಂಡಿನೋವಿನ ವಿಚಾರ ಎಲ್ಲ ಕೇಳಿದರು. ಅಲ್ಲಿ ಸೆಕೆ ವಿಪರೀತ ಎಂದರು. ಆಮೇಲೆ, "ಮೇಡಂ, ಪ್ಲಾಂಟಿನಲ್ಲಿ ಇದ್ದೀರಾ? ಸ್ವಲ್ಪ ಕೇಳಿಸಿ ನೋಡುವ," ಎಂದರು.

ಏನನ್ನು ಎಂದು ನಾನು ಕೇಳಲಿಲ್ಲ. ಫಿಟ್ಟರಣ್ಣ ಬಾಗಿಲ ಬಳಿ ನಿಂತು ತಲೆಯಾಡಿಸಿ ಬೇಡ ಎನ್ನುತ್ತಿದ್ದರು. ನಾನು ಯಂತ್ರಶಾಲೆಯ ಒಳಗೇ ಇದ್ದೆ. ಫೋನನ್ನು ಕಿವಿಯಿಂದ ತೆಗೆದು ಎರಡನೇ ಯಂತ್ರದ ಕಡೆ ಹಿಡಿದೆ. ಕಟ್ಟೆಯಿಂದ ಬೀಳುವ ನೀರಿನ ಸದ್ದು ಕೋಣೆಯ ತುಂಬ ಇತ್ತು. ಬೇರೆ ಯಾವ ಸದ್ದೂ ಇರಲಿಲ್ಲ.

ಮತ್ತೆ ಕಿವಿಗೆ ಹಿಡಿದಾಗ ಲೈನು ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

"ನೀರು ತುಂಬ ಉಂಟಲ್ವಾ," ಎಂದರು ಅವರು.

"ಉಂಟು," ಎಂದೆ.

"ಆಯ್ತು ಮೇಡಂ. ಡ್ಯೂಟಿಗೆ ಹೊತ್ತಾಯ್ತು."

ಈಗಲೂ ಆಗಾಗ ಫೋನು ಮಾಡುತ್ತಾರೆ. ಮಳೆ ಹೇಗುಂಟು ಎಂದು ಕೇಳುತ್ತಾರೆ. ಲೋಡ್ ಎಷ್ಟು ಎಂದು ಮಾತ್ರ ಕೇಳುವುದಿಲ್ಲ.